ನೆರಿಗೆಯ ಮೇಲೊಂದು ಹಳದಿ ಚೌಕ

(ನಮ್ಮೂರ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಹೇಳಿದ್ದನ್ನೇ ಎರಡು ಸಲ ಹೇಳಿದ್ದ ಕಡೆ ಕತ್ತರಿ ಹಾಕಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಬೋರ್ಡಿನಲ್ಲಿ "ತಂತ್ರಜ್ಞಾನ ಮತ್ತು ಖಾಸಗಿತನ" ಅಂತ ದೊಡ್ಡದಾಗಿ ಬರೆದಿದ್ದಾರೆ. ಹೆದರಬೇಡಿ. ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವಳು. ಮಧ್ಯಾಹ್ನದ ಊಟ ಆದ ಮೇಲಿನ ಕ್ಲಾಸು ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ಕಥೆಯಿಂದ ಶುರು ಮಾಡದಿದ್ದರೆ ಎದುರಿಗಿರುವವರು ತೂಕಡಿಸುತ್ತಾರೆ ಅಂತ ಚೆನ್ನಾಗಿ ಗೊತ್ತು.

ಕಥೆ ನಮ್ಮಕ್ಕನದು. ಅವಳಿಗೆ ಆಗ 66 ವರ್ಷ. ಮಗಳ ಬಾಣಂತನಕ್ಕೆ ವಿದೇಶಕ್ಕೆ ಹೊರಟಿದ್ದಳು. ಒಬ್ಬಳೇ ಹೋಗಲು ಭಯ ಅಂತ ನನ್ನನ್ನೂ ಹೊರಡಿಸಿದಳು. ಎರಡು ಸೂಟ್‌ಕೇಸಿನ ತುಂಬ ಅಂಟಿನುಂಡೆ, ಮೆಂತ್ಯದ ಪುಡಿ, ಮಗುವಿಗೆ ಹಳೇ ಸೀರೆಯಲ್ಲಿ ಹೊಲಿದ ಕೌದಿ. ದಾರಿಯಲ್ಲಿ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ಯಾವ ದೇಶ, ಯಾವ ಊರು ಅನ್ನುವುದು ಬೇಡ ಬಿಡಿ. ಅಲ್ಲಿ ಮತ್ತೊಮ್ಮೆ ಸೆಕ್ಯುರಿಟಿ ಚೆಕ್. ಎದುರಿಗೆ ಗಾಜಿನ ಗೂಡು. ಒಳಗೆ ಹೋಗಿ, ನೆಲದ ಮೇಲೆ ಬರೆದ ಹೆಜ್ಜೆ ಗುರುತಿನ ಮೇಲೆ ಕಾಲಿಟ್ಟು, ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಅಕ್ಕ ನಿಂತಳು. ಪೊಲೀಸರಿಗೆ ಶರಣಾದ ಹಾಗೆ. ಮೈಮೇಲೆ ಮೈಸೂರು ಸಿಲ್ಕ್, ಯಾಕೆಂದರೆ ಅಳಿಯನ ಊರಿಗೆ ಇಳಿಯುವಾಗ ಚೆನ್ನಾಗಿ ಕಾಣಬೇಕು.

ಹೊರಬಂದ ಕೂಡಲೇ ಪಕ್ಕದ ಪರದೆಯಲ್ಲಿ ಒಂದು ಗೊಂಬೆ ಮೂಡಿತು. ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಾರಲ್ಲ, ಅಂಥ ಬೋಳು ಗೊಂಬೆ. ಅದರ ಮೇಲೆ ಮೂರು ಹಳದಿ ಚೌಕ. ಒಂದು ತಲೆಯ ಹಿಂದೆ, ತುರುಬಿನ ಜಾಗದಲ್ಲಿ. ಇನ್ನೊಂದು ಎಡ ಭುಜದ ಮೇಲೆ, ಸೆರಗಿಗೆ ಪಿನ್ನು ಹಾಕಿದ್ದಲ್ಲಿ. ಮೂರನೆಯದು ಹೊಟ್ಟೆಯ ಕೆಳಗೆ, ಸರಿಯಾಗಿ ನೆರಿಗೆ ಸಿಕ್ಕಿಸಿದ ಕಡೆ.

ಕೈಗವಸು ಹಾಕಿಕೊಂಡಿದ್ದ ಒಬ್ಬ ಹುಡುಗಿ ಬಂದಳು. ಒರಟಾಗಿರಲಿಲ್ಲ, ಸುಮ್ನೆ ದೂರಬಾರದು. "ಸಾರಿ" ಅಂದಳು. ಅಕ್ಕ ತನ್ನ ಸೀರೆ ಬಗ್ಗೆ ಕೇಳುತ್ತಿದ್ದಾಳೆ ಅಂದುಕೊಂಡು ನಗುತ್ತಾ, "ಎಸ್ ಎಸ್, ಸಾರಿ. ಮೈಸೂರ್ ಸಿಲ್ಕ್" ಅಂದಳು. ಹುಡುಗಿ ತುರುಬು ಒತ್ತಿ ನೋಡಿದಳು. ಭುಜ ತಡವಿದಳು. ಆಮೇಲೆ ನೆರಿಗೆಯ ಹತ್ತಿರ, ಲಂಗದ ಪಟ್ಟಿಯ ಒಳಗೆ ಎರಡು ಬೆರಳು ತೂರಿಸಿ ಈ ಕಡೆಯಿಂದ ಆ ಕಡೆಗೆ ಎಳೆದಳು. ಎಲ್ಲರ ಎದುರಿಗೇ. ಹಿಂದೆ ನೂರು ಜನರ ಸಾಲು. ಅಕ್ಕನ ನಗು ನಿಂತಿತು.

ವಿಮಾನ ಮೇಲೇರುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡೇ ಅಂದಳು: "ಹೆರಿಗೆ ಆಸ್ಪತ್ರೆ ಬಿಟ್ರೆ ಬೇರೆ ಯಾರೂ ಹೀಗೆ ನನ್ನ ಸೊಂಟಕ್ಕೆ ಕೈ ಹಾಕಿರ್ಲಿಲ್ಲ ಕಣೇ."

ಈ ಮಾತಿಗೆ ಕನ್ನಡದಲ್ಲಿ ಏನು ಹೆಸರಿಡೋಣ? "ಖಾಸಗಿತನ" ಅನ್ನುತ್ತೇವೆ. ಪತ್ರಿಕೆಗೆ, ಕೋರ್ಟಿಗೆ ಆಗುವ ಪದ. ಮನೆಯಲ್ಲಿ ಯಾರೂ "ನನ್ನ ಖಾಸಗಿತನಕ್ಕೆ ಧಕ್ಕೆ ಆಯ್ತು" ಅನ್ನುವುದಿಲ್ಲ. "ಮರ್ಯಾದೆ ಹೋಯ್ತು" ಅನ್ನುತ್ತಾರೆ, "ಸಂಕೋಚ ಆಯ್ತು" ಅನ್ನುತ್ತಾರೆ. ಇಂದು ನಾನು ಯಾವ ಪದ ಹೇಳಿದರೂ ನೀವು ಅಕ್ಕನ ಆ ಮಾತನ್ನೇ ನೆನಪಿಟ್ಟುಕೊಳ್ಳಿ.

ಒಂದು ವಿಷಯ ಮಾತ್ರ ಆಶ್ಚರ್ಯ. ಅಕ್ಕನಿಗೆ ತೊಂದರೆ ಕೊಟ್ಟ ಆ ಬೋಳು ಗೊಂಬೆ ಬಂದದ್ದೇ ಜನರ ಮಾನ ಕಾಪಾಡಲು. ಅದಕ್ಕೂ ಮುಂಚೆ ಪರದೆಯ ಮೇಲೆ ಕಾಣುತ್ತಿದ್ದದ್ದು ಗೊಂಬೆ ಅಲ್ಲ, ನಮ್ಮದೇ ಮೈ.

ಅದಕ್ಕೆ 2009ರ ಕ್ರಿಸ್‌ಮಸ್ ದಿನಕ್ಕೆ ಹೋಗಬೇಕು. ಆಮ್‌ಸ್ಟರ್‌ಡ್ಯಾಮಿನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ 253ನೇ ನಂಬರಿನ ವಿಮಾನ. ಉಮರ್ ಫಾರೂಕ್ ಅಬ್ದುಲ್‌ಮುತಲ್ಲಬ್ ಎಂಬ ನೈಜೀರಿಯಾದ ಯುವಕ ಒಳಚಡ್ಡಿಯಲ್ಲಿ ಪಿಇಟಿಎನ್ ಎಂಬ ಸ್ಫೋಟಕ ಹೊಲಿಸಿಕೊಂಡು ಕೂತಿದ್ದ. ವಿಮಾನ ಇಳಿಯುವ ಹೊತ್ತಿಗೆ ಅದಕ್ಕೆ ಬೆಂಕಿ ಹಚ್ಚಲು ನೋಡಿದ. ಅದು ಸ್ಫೋಟಿಸಲಿಲ್ಲ, ಅವನ ತೊಡೆಯೇ ಸುಟ್ಟಿತು. ಸಹಪ್ರಯಾಣಿಕರು ಹಿಡಿದು ಅದುಮಿದರು. ಅವನು ಮೆಟಲ್ ಡಿಟೆಕ್ಟರ್ ದಾಟಿಯೇ ಬಂದಿದ್ದ. ಡಿಟೆಕ್ಟರ್ ಹುಡುಕುವುದು ಲೋಹವನ್ನು. ಪುಡಿ ರೂಪದ ಸ್ಫೋಟಕದಲ್ಲಿ ಲೋಹ ಎಲ್ಲಿಂದ ಬರಬೇಕು?

ಅಮೆರಿಕ ಬೆಚ್ಚಿತು. ಬಾಡಿ ಸ್ಕ್ಯಾನರ್ ಆಗಲೇ ಇತ್ತು. 2007ರಲ್ಲೇ ಫೀನಿಕ್ಸ್ ನಿಲ್ದಾಣದಲ್ಲಿ ಪರೀಕ್ಷೆಗೆ ಇಟ್ಟಿದ್ದರು. ಈ ಘಟನೆ ಆದ ಮೇಲೆ ಅಲ್ಲಿನ ಸಾರಿಗೆ ಭದ್ರತಾ ಇಲಾಖೆ, ಅಂದರೆ ಟಿಎಸ್‌ಎ, ನೂರಾರು ಯಂತ್ರಗಳನ್ನು ಕೊಂಡಿತು.

ಯಂತ್ರದಲ್ಲಿ ಎರಡು ಜಾತಿ. ಒಂದರಲ್ಲಿ ತೀರಾ ತೆಳುವಾದ ಎಕ್ಸ್-ರೇ. ಆಸ್ಪತ್ರೆಯ ಎಕ್ಸ್-ರೇ ಮೈಯೊಳಗಿಂದ ಹಾದು ಆ ಕಡೆ ಹೋಗುತ್ತದೆ. ಇದು ಹಾಗಲ್ಲ, ಚರ್ಮಕ್ಕೆ ತಾಗಿ ವಾಪಸ್ ಚದುರಿದ ಕಿರಣಗಳಿಂದ ಚಿತ್ರ ಮಾಡುತ್ತದೆ. ಬ್ಯಾಕ್‌ಸ್ಕ್ಯಾಟರ್ ಅಂತ ಹೆಸರು. ಇನ್ನೊಂದು ಜಾತಿ ಮಿಲಿಮೀಟರ್ ವೇವ್, ಅಂದರೆ ರೇಡಿಯೊ ಅಲೆ. ಬಟ್ಟೆ ಅದಕ್ಕೆ ಲೆಕ್ಕಕ್ಕಿಲ್ಲ, ನಮಗೆ ಗಾಜು ಹೇಗೋ ಹಾಗೆ. ಆದರೆ ಚರ್ಮದಲ್ಲಿ ನೀರಿದೆ, ಅಲ್ಲಿಗೆ ಬಂದು ಅಲೆ ತಿರುಗಿ ಹೋಗುತ್ತದೆ. ಗೂಡಿನೊಳಗೆ ನಿಂತಾಗ ಎರಡು ಕಂಬ ನಮ್ಮ ಸುತ್ತ ಸರ್ರನೆ ತಿರುಗುತ್ತವಲ್ಲ, ಅವುಗಳಲ್ಲಿ ಆಂಟೆನಾಗಳಿವೆ. ಒಂದು ತಮಾಷೆ ಹೇಳಬೇಕು, ಫಿಸಿಕ್ಸ್ ಟೀಚರ್ ಬುದ್ಧಿ ಸುಮ್ಮನಿರುವುದಿಲ್ಲ. ಅಮೆರಿಕದಲ್ಲಿ ಹೆಚ್ಚಾಗಿ ಬಳಸುವ ಯಂತ್ರ 24ರಿಂದ 30 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಲೆಕ್ಕ ಹಾಕಿ ನೋಡಿ, ಅಲೆಯ ಉದ್ದ ಒಂದು ಸೆಂಟಿಮೀಟರ್ ಮತ್ತು ಇನ್ನೊಂಚೂರು. ಹೆಸರು ಮಾತ್ರ ಮಿಲಿಮೀಟರ್!

ಎರಡರಲ್ಲೂ ಬರುತ್ತಿದ್ದದ್ದು ಬಟ್ಟೆ ಕಳಚಿದ ಮೈಯ ಚಿತ್ರ. ಕಪ್ಪುಬಿಳುಪು, ಸೀಮೆಸುಣ್ಣದಲ್ಲಿ ತೀಡಿದ ಹಾಗೆ, ಮುಖ ಮಸುಕು. ಆದರೂ ಮೈ ಮೈಯೇ ಅಲ್ವಾ? ಸ್ತನ ಕ್ಯಾನ್ಸರಿನ ಆಪರೇಷನ್ ಆದವರು, ಹೊಟ್ಟೆಗೆ ಚೀಲ ಕಟ್ಟಿಕೊಂಡವರು, ಡೈಪರ್ ಹಾಕುವ ವಯಸ್ಸಾದವರು. ಮನೆಮಂದಿಗೂ ಹೇಳದ್ದು ಯಾರೋ ಗುರುತಿಲ್ಲದವನ ಪರದೆಯ ಮೇಲೆ.

ಟಿಎಸ್‌ಎ ಸಮಾಧಾನ ಹೇಳಿತು. ಚಿತ್ರ ನೋಡುವ ಅಧಿಕಾರಿ ಬೇರೆ ಕೋಣೆಯಲ್ಲಿ ಇರುತ್ತಾನೆ, ಅವನಿಗೆ ನೀವು ಕಾಣುವುದಿಲ್ಲ. ಆ ಕೋಣೆಗೆ ಕ್ಯಾಮೆರಾ, ಮೊಬೈಲ್ ಒಯ್ಯುವಂತಿಲ್ಲ. ಯಂತ್ರಕ್ಕೆ ಚಿತ್ರ ಇಟ್ಟುಕೊಳ್ಳುವ ಶಕ್ತಿಯೇ ಇಲ್ಲ.

ಕೊನೆಯ ಆ ಮಾತು ಕೇಳಿದಿರಾ? ಇಟ್ಟುಕೊಳ್ಳುವುದಿಲ್ಲ ಅಂತಲ್ಲ, ಇಟ್ಟುಕೊಳ್ಳಲು ಆಗುವುದೇ ಇಲ್ಲ ಅಂತ. ವಾಷಿಂಗ್ಟನ್ನಿನಲ್ಲಿ ಎಪಿಕ್ ಎಂಬ ಸಂಸ್ಥೆಯಿದೆ, ಎಲೆಕ್ಟ್ರಾನಿಕ್ ಪ್ರೈವಸಿ ಇನ್ಫರ್ಮೇಷನ್ ಸೆಂಟರ್. ಅವರು ನಮ್ಮ ಆರ್‌ಟಿಐ ತರಹದ ಅಲ್ಲಿನ ಕಾನೂನಿನಡಿ ಕೇಸು ಹಾಕಿ ಖರೀದಿಯ ಕಾಗದಪತ್ರ ಹೊರತೆಗೆದರು. 2010ರ ಜನವರಿಯಲ್ಲಿ ವಿಷಯ ಬಯಲಾಯಿತು. ಟೆಸ್ಟ್ ಮೋಡ್‌ನಲ್ಲಿ ಚಿತ್ರ ಉಳಿಸಲೂ ಬೇರೆ ಕಡೆ ಕಳಿಸಲೂ ಬರಬೇಕು ಅಂತ ಇಲಾಖೆಯೇ ಕಂಪನಿಗಳಿಗೆ ಷರತ್ತು ಹಾಕಿತ್ತು! ನಿಲ್ದಾಣಕ್ಕೆ ಬರುವಾಗ ಅದನ್ನು ಆಫ್ ಮಾಡಿರುತ್ತೇವೆ ಅಂದರು. ಇರಬಹುದು. ಆದರೆ "ಆಗುವುದೇ ಇಲ್ಲ" ಅನ್ನುವುದಕ್ಕೂ "ಆಫ್ ಮಾಡಿದ್ದೇವೆ" ಅನ್ನುವುದಕ್ಕೂ ಎಷ್ಟು ದೂರ! ಬಾಗಿಲೇ ಇಲ್ಲದ ಗೋಡೆಗೂ ಚಿಲಕ ಹಾಕಿದ ಬಾಗಿಲಿಗೂ ಇರುವಷ್ಟು.

ಚಿಲಕ ತೆಗೆದರೆ ಏನಾಗುತ್ತದೆ ಅನ್ನುವುದೂ ಅದೇ ವರ್ಷ ಗೊತ್ತಾಯಿತು. ಫ್ಲಾರಿಡಾದ ಒರ್ಲಾಂಡೊದ ಫೆಡರಲ್ ಕೋರ್ಟ್ ಕಟ್ಟಡದ ಬಾಗಿಲಲ್ಲಿ ಒಂದು ಸ್ಕ್ಯಾನರ್ ಇತ್ತು. ಇದು ಟಿಎಸ್‌ಎಯದಲ್ಲ, ಯು.ಎಸ್. ಮಾರ್ಷಲ್ಸ್ ಸರ್ವಿಸ್‌ನದು. ಆ ಯಂತ್ರದಲ್ಲಿ 35,000ಕ್ಕೂ ಹೆಚ್ಚು ಚಿತ್ರ ಉಳಿದಿತ್ತು. ಅಷ್ಟು ಸ್ಪಷ್ಟವಾದ ಚಿತ್ರಗಳಲ್ಲ, ನಿಜ. ನವೆಂಬರಿನಲ್ಲಿ ಒಂದು ವೆಬ್‌ಸೈಟ್ ಅದರಲ್ಲಿ ನೂರನ್ನು ಪ್ರಕಟಿಸಿಯೂಬಿಟ್ಟಿತು, ಎಂಥ ಭರವಸೆ ನಂಬಿದ್ದೀರಿ ನೋಡಿ ಅಂತ.

ಮಯಾಮಿಯದು ಇನ್ನೊಂದು. 2010ರ ಮೇ ತಿಂಗಳು. ಅದಕ್ಕೂ ಹಿಂದೆ ತರಬೇತಿಯ ಸಮಯದಲ್ಲಿ ಟಿಎಸ್‌ಎ ನೌಕರನೊಬ್ಬ ತಾನೇ ಸ್ಕ್ಯಾನರ್ ಒಳಗೆ ಹೋಗಿದ್ದ. ಜೊತೆಯವರು ಪರದೆ ನೋಡಿದರು. ಅವನ ಗುಪ್ತಾಂಗದ ಬಗ್ಗೆ ಆಡಿಕೊಂಡು ನಗಲು ಶುರು ಮಾಡಿದರು, ನಿಲ್ಲಿಸಲೇ ಇಲ್ಲ. ಕೊನೆಗೆ ಅವನು ತಾಳಲಾರದೆ ಒಬ್ಬ ಸಹೋದ್ಯೋಗಿಯನ್ನು ಲಾಠಿಯಿಂದ ಹೊಡೆದು ಅರೆಸ್ಟ್ ಆದ. ಹೊಡೆದದ್ದು ತಪ್ಪೇ. ಆದರೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ ಅನ್ನುವ ಸಮಾಧಾನಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು, "ಬೇಡ ಅಂದ್ರೆ ಬಿಡ್ತಿರ್ಲಿಲ್ವಾ ಮೇಡಂ?" ಅಂತ ಕೇಳಿದರು.)

ಬಿಡುತ್ತಿದ್ದರು. ಅಮೆರಿಕದಲ್ಲಿ ಸ್ಕ್ಯಾನರ್ ಬೇಡ ಅನ್ನುವ ಅವಕಾಶ ಇತ್ತು. ಬೇಡ ಅಂದರೆ ಕೈಯಿಂದ ತಪಾಸಣೆ. 2010ರ ಕೊನೆಗೆ ಆ ತಪಾಸಣೆಯನ್ನೇ ಬಿಗಿ ಮಾಡಿದರು. ತೊಡೆಸಂದು, ಎದೆ, ಎಲ್ಲ ಕಡೆ ಕೈ. ಅಂದರೆ ಆಯ್ಕೆ ಏನು? ಕಣ್ಣಿಗೆ ಕೊಡುತ್ತೀಯೋ, ಕೈಗೆ ಕೊಡುತ್ತೀಯೋ. ಇದನ್ನು ಆಯ್ಕೆ ಅಂತ ನಾನಂತೂ ಕರೆಯುವುದಿಲ್ಲ. ಬ್ರಿಟನ್ನಿನಲ್ಲಿ ಮೊದಮೊದಲು ಅದೂ ಇರಲಿಲ್ಲ. ಸ್ಕ್ಯಾನರ್‌ಗೆ ಕರೆದಾಗ ಒಪ್ಪದಿದ್ದರೆ ವಿಮಾನವೇ ಇಲ್ಲ. 2010ರಲ್ಲಿ ಮ್ಯಾಂಚೆಸ್ಟರ್ ನಿಲ್ದಾಣದಿಂದ ಇಬ್ಬರು ಮುಸ್ಲಿಂ ಹೆಂಗಸರು ಹಾಗೇ ವಾಪಸ್ ಹೋದರು.

ಆ ಬಿಗಿ ತಪಾಸಣೆಯ ದಿನಗಳಲ್ಲೇ ನಮ್ಮ ಸೀರೆಯೂ ಸುದ್ದಿಯಾಯಿತು. 2010ರ ಡಿಸೆಂಬರ್ 4. ಆಗ ಅಮೆರಿಕದಲ್ಲಿ ಭಾರತದ ರಾಯಭಾರಿ ಮೀರಾ ಶಂಕರ್. ಮಿಸಿಸಿಪ್ಪಿಯ ವಿಶ್ವವಿದ್ಯಾಲಯವೊಂದರಲ್ಲಿ ಭಾಷಣ ಮಾಡಿ ವಾಪಸ್ ಹೊರಟಿದ್ದರು. ಜಾಕ್ಸನ್ ನಿಲ್ದಾಣದಲ್ಲಿ ಅವರನ್ನು ಪಕ್ಕಕ್ಕೆ ಕರೆದು ಕೈಯಿಂದ ತಪಾಸಣೆ ಮಾಡಿದರು. ರಾಯಭಾರಿ ಅಂತ ಹೇಳಿದರೂ ಬಿಡಲಿಲ್ಲ. ಸೀರೆ ಉಟ್ಟಿದ್ದೇ ಕಾರಣ ಅಂತ ಪತ್ರಿಕೆಗಳು ಬರೆದವು. ಆಗ ವಿದೇಶಾಂಗ ಸಚಿವರು ಯಾರು ಗೊತ್ತಲ್ಲ? ನಮ್ಮ ಮದ್ದೂರಿನ ಎಸ್. ಎಂ. ಕೃಷ್ಣ. ಇದನ್ನು ಒಪ್ಪಲು ಸಾಧ್ಯವಿಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು. ಟಿಎಸ್‌ಎ ಮಾತ್ರ ನಿಯಮದ ಪ್ರಕಾರವೇ ನಡೆದುಕೊಂಡಿದ್ದೇವೆ ಅಂದಿತು. ನನಗೆ ಅನ್ನಿಸುವುದು, ಇಬ್ಬರ ಮಾತೂ ಸರಿ ಇತ್ತು. ಅಲ್ಲಿ ನಿಯಮ ಮುರಿದಿರಲಿಲ್ಲ. ದಪ್ಪ, ಸಡಿಲ ಬಟ್ಟೆ ಕಂಡರೆ ಅನುಮಾನಿಸು ಅಂತ ನಿಯಮವೇ ಹೇಳುತ್ತಿತ್ತು. ಪ್ಯಾಂಟು ಶರ್ಟು ಹಾಕುವ ಊರಲ್ಲಿ ಬರೆದ ನಿಯಮಕ್ಕೆ ಐದೂವರೆ ಮೀಟರ್ ಬಟ್ಟೆ ಅನುಮಾನದ ವಸ್ತುವೇ.

ಸರಿ, ಆ ಬೆತ್ತಲೆ ಚಿತ್ರ ಹೋಗಿದ್ದು ಹೇಗೆ? ಇದು ನನಗೆ ತುಂಬ ಇಷ್ಟವಾದ ಭಾಗ.

ಎಪಿಕ್ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಸ್ಕ್ಯಾನರ್ ಸಂವಿಧಾನಕ್ಕೆ ವಿರುದ್ಧವಲ್ಲ ಅಂದಿತು. ಅಲ್ಲಿಗೆ ಎಪಿಕ್ ಸೋತ ಹಾಗೆ. ಆದರೆ ಇನ್ನೊಂದು ಮಾತು ಸೇರಿಸಿತು: ಇಷ್ಟು ದೊಡ್ಡ ಬದಲಾವಣೆ ತರುವ ಮುಂಚೆ ಜನರ ಅಭಿಪ್ರಾಯ ಕೇಳಬೇಕಿತ್ತು, ನೀವು ಕೇಳಿಲ್ಲ, ಈಗ ಕೇಳಿ. ಇಲಾಖೆ ಅಭಿಪ್ರಾಯ ಕೇಳಲು 2013 ಆಯಿತು. ಅಂತಿಮ ನಿಯಮ ಬರಲು 2016. ಸರ್ಕಾರಿ ಕೆಲಸ ಅಲ್ಲೂ ಹೀಗೇ ಅಂತ ಸಮಾಧಾನಪಟ್ಟುಕೊಳ್ಳಿ.

ನಿಜವಾಗಿ ಕೆಲಸ ಆದದ್ದು ಬೇರೆ ಕಡೆ. 2012ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನಿನಲ್ಲಿ ಷರತ್ತು ಹಾಕಿತು. ಪ್ರತಿ ಸ್ಕ್ಯಾನರಿನಲ್ಲೂ ಮನುಷ್ಯರ ಮೈ ತೋರಿಸದ ಸಾಫ್ಟ್‌ವೇರ್ ಇರಬೇಕು. ಅನುಮಾನದ ಜಾಗವನ್ನು ಯಂತ್ರವೇ ಗುರುತಿಸಿ, ಎಲ್ಲರಿಗೂ ಒಂದೇ ಆದ ಗೊಂಬೆಯ ಮೇಲೆ ತೋರಿಸಬೇಕು. ಅದಕ್ಕೊಂದು ಗಡುವೂ ಇತ್ತು. ಮಿಲಿಮೀಟರ್ ವೇವ್ ಯಂತ್ರದವರು ಅದನ್ನು ಆಗಲೇ ಮಾಡಿ ಮುಗಿಸುತ್ತಿದ್ದರು. ಎಕ್ಸ್-ರೇ ಯಂತ್ರ ಮಾಡುತ್ತಿದ್ದ ರೇಪಿಸ್ಕ್ಯಾನ್ ಕಂಪನಿಗೆ ಗಡುವಿನೊಳಗೆ ಆಗಲಿಲ್ಲ. 2013ರ ಜನವರಿಯಲ್ಲಿ ಅದರ ಆ ಗುತ್ತಿಗೆ ನಿಂತಿತು. ನಿಲ್ದಾಣಗಳಲ್ಲಿ ಉಳಿದಿದ್ದ 174 ಯಂತ್ರಗಳನ್ನು ಆ ವರ್ಷದ ಮಧ್ಯದ ಹೊತ್ತಿಗೆ ಎತ್ತಿ ಹಾಕಿದರು.

ಮೂರು ವರ್ಷ ಜನರಿಗೆ ಹೇಳಿದ್ದೇನು? ಭದ್ರತೆ ಬೇಕು ಅಂದರೆ ಸ್ವಲ್ಪ ಮಾನ ಬಿಡಬೇಕು. ಎರಡೂ ಒಟ್ಟಿಗೆ ಆಗದು. ಆದರೆ ಒಂದು ಕಾನೂನು, ಒಂದು ಗಡುವು ಬಂದದ್ದೇ ತಡ, ಎರಡೂ ಒಟ್ಟಿಗೆ ಆಯಿತು! ಬಾಂಬ್ ಹುಡುಕಲು ಅಧಿಕಾರಿಗೆ ಆ ಚಿತ್ರ ಬೇಕಿರಲಿಲ್ಲ. ಎಲ್ಲಿ ಹುಡುಕಬೇಕು ಅಂತ ಗೊತ್ತಾದರೆ ಸಾಕಿತ್ತು. ಇದನ್ನು ಮೊದಲ ದಿನವೇ ಯಾರಾದರೂ ಕೇಳಬಹುದಿತ್ತು.

ಎತ್ತಿ ಹಾಕಿದ ಆ ಯಂತ್ರಗಳು ಎಲ್ಲಿಗೆ ಹೋದವು ಗೊತ್ತಾ? ಗುಜರಿಗಲ್ಲ. ಎಷ್ಟೋ ಯಂತ್ರ ಅಯೋವಾ, ಲೂಯಿಸಿಯಾನಾ, ವರ್ಜೀನಿಯಾಗಳ ಜೈಲಿಗೆ ಹೋದವು. ಟಿಕೆಟ್ ಕೊಂಡವರಿಗೆ ಮರ್ಯಾದೆಯಲ್ಲ ಅನ್ನಿಸಿದ್ದು ಕೈದಿಗೆ ಪರವಾಗಿಲ್ಲ ಅನ್ನಿಸಿತು. ನನಗೆ ಇದು ಬಹಳ ದಿನ ಮನಸ್ಸಿನಲ್ಲಿ ಕೊರೆಯಿತು.

(ಮೆಡಿಕಲ್ ಶಾಪ್ ಇಟ್ಟಿರುವ ನಮ್ಮ ಬಡಾವಣೆಯವರೊಬ್ಬರು ಎದ್ದು, "ಕಿರಣದಿಂದ ಆರೋಗ್ಯಕ್ಕೆ ಏನೂ ಆಗಲ್ವಾ?" ಅಂದರು.)

ಈಗಿನ ಮಿಲಿಮೀಟರ್ ಯಂತ್ರ ಎಕ್ಸ್-ರೇ ಅಲ್ಲ. ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವಷ್ಟು ಶಕ್ತಿ ಅದಕ್ಕಿಲ್ಲ. ಗರ್ಭಿಣಿಯರೂ ಭಯಪಡಬೇಕಿಲ್ಲ. ಹಳೇ ಎಕ್ಸ್-ರೇ ಯಂತ್ರದಲ್ಲಿ ಒಂದು ಸಲಕ್ಕೆ ಮೈಗೆ ತಾಗುವ ವಿಕಿರಣ 0.1 ಮೈಕ್ರೊಸೀವರ್ಟ್‌ನಷ್ಟು ಅಥವಾ ಅದಕ್ಕಿಂತ ಕಮ್ಮಿ ಅಂತ ಇಲಾಖೆಯ ಲೆಕ್ಕ. ವಿಮಾನ ಎತ್ತರದಲ್ಲಿ ಹಾರುವಾಗ ಎರಡು ಮೂರು ನಿಮಿಷದಲ್ಲಿ ಬಾಹ್ಯಾಕಾಶದಿಂದ ನಮಗೆ ಅಷ್ಟೇ ಸಿಗುತ್ತದೆ. ಆದರೂ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆಲವು ವಿಜ್ಞಾನಿಗಳು ತಕರಾರು ತೆಗೆದರು. ಆ ಕಿರಣ ಇಡೀ ಮೈಗೆ ಹಂಚಿಹೋಗುವುದಿಲ್ಲ, ಚರ್ಮದಲ್ಲೇ ಜಾಸ್ತಿ ನಿಲ್ಲುತ್ತದೆ, ಲೆಕ್ಕ ಬೇರೆ ತರಹ ಮಾಡಬೇಕು ಅಂತ. ಯುರೋಪಿನವರು ತಕರಾರಿಗೇ ಹೋಗಲಿಲ್ಲ. 2011ರ ನವೆಂಬರಿನಲ್ಲಿ ನಿಯಮ ಮಾಡಿದಾಗ ಎಕ್ಸ್-ರೇ ಬಳಸದ ಸ್ಕ್ಯಾನರ್ ಮಾತ್ರ ಸಾಕು ಅಂದರು. ಚಿತ್ರ ಉಳಿಸಬಾರದು, ಬೇಡ ಅನ್ನುವ ಹಕ್ಕು ಇರಬೇಕು ಅಂತಲೂ ಬರೆದರು.

ಈಗ ಗೊಂಬೆಗೆ ಬರೋಣ. ಗೊಂಬೆ ಕಣ್ಣಿನ ಸಮಸ್ಯೆ ಬಿಡಿಸಿತು. ಕೈಯ ಸಮಸ್ಯೆ ಉಳಿಯಿತು. ಹಳದಿ ಚೌಕ ಬಂದರೆ ಕೈ ಬರಲೇಬೇಕು. ಹಾಗಾದರೆ ಚೌಕ ಯಾರ ಮೇಲೆ ಬರುತ್ತದೆ?

ಜರ್ಮನಿಯವರು 2010ರ ಸೆಪ್ಟೆಂಬರಿನಿಂದ ಸುಮಾರು ಹತ್ತು ತಿಂಗಳು ಹ್ಯಾಂಬರ್ಗ್ ನಿಲ್ದಾಣದಲ್ಲಿ ಇದನ್ನು ಪರೀಕ್ಷಿಸಿದರು. ಹತ್ತಿರ ಹತ್ತಿರ ಅರ್ಧ ಜನರ ಮೇಲೆ ಸುಮ್ಮಸುಮ್ಮನೆ ಚೌಕ ಬಂತು. ಬೆವರಿದರೆ ಚೌಕ. ಬಟ್ಟೆ ಮಡಿಕೆಯಾದರೆ ಚೌಕ. ಈಗ ಆಗಲ್ಲ ಅಂತ ಕೈಬಿಟ್ಟರು. ಅಂಗಿಯ ಒಂದು ಮಡಿಕೆಗೇ ಈ ಗತಿ. ನೆರಿಗೆ ಅಂದರೆ ಆರೇಳು ಮಡಿಕೆ ಒಂದರ ಮೇಲೊಂದು. ಜೊತೆಗೆ ಮೈಸೂರು ಸಿಲ್ಕಿನ ಜರಿ, ಅದು ಲೋಹದ ಎಳೆ. ನಮ್ಮಕ್ಕನ ಮೇಲೆ ಮೂರೇ ಚೌಕ ಬಂದದ್ದು ಪುಣ್ಯ.

ಅಮೆರಿಕದಲ್ಲಿ ಕಪ್ಪು ಹೆಂಗಸರು ಇದೇ ದೂರು ಹೇಳಿದರು. ದಟ್ಟ ಗುಂಗುರು ಕೂದಲು, ಹೆಣೆದ ಜಡೆ ಕಂಡರೆ ಯಂತ್ರ ಕೂಗುತ್ತದೆ, ತಲೆಗೆ ಕೈ ಹಾಕುತ್ತಾರೆ ಅಂತ. ಪೇಟ ಕಟ್ಟುವ ಸಿಖ್ಖರದ್ದೂ ಅದೇ ಗೋಳು. ಇನ್ನೂ ವಿಚಿತ್ರ ಒಂದಿದೆ. ಗೂಡಿನ ಹೊರಗೆ ನಿಂತ ಅಧಿಕಾರಿಯ ಮುಂದೆ ಎರಡು ಬಟನ್, ಒಂದು ಗುಲಾಬಿ, ಒಂದು ನೀಲಿ. ನಿಮ್ಮನ್ನು ಒಂದು ಸಲ ನೋಡಿ ಹೆಣ್ಣೋ ಗಂಡೋ ಅಂತ ತೀರ್ಮಾನಿಸಿ ಒತ್ತುತ್ತಿದ್ದರು. ಯಂತ್ರ ಅದಕ್ಕೆ ತಕ್ಕ ಮೈಯನ್ನು ನಿರೀಕ್ಷಿಸುತ್ತಿತ್ತು. ಟ್ರಾನ್ಸ್‌ಜೆಂಡರ್ ವ್ಯಕ್ತಿ ಒಳಗೆ ಹೋದರೆ ಯಾವ ಬಟನ್ ಒತ್ತಿದರೂ ಚೌಕ ಬೀಳುವ ಸಂಭವ ಜಾಸ್ತಿ. ಇದನ್ನು ಬದಲಿಸುತ್ತೇವೆ ಅಂತ ಟಿಎಸ್‌ಎ ಹೇಳಿದ್ದು 2022ರಲ್ಲಿ. ಗೊಂಬೆಗೆ ಲಿಂಗ ಇಲ್ಲ, ಆದರೆ ಗೊಂಬೆಯ ಹಿಂದಿನ ಲೆಕ್ಕಕ್ಕೆ ಇತ್ತು.

ಇಷ್ಟೆಲ್ಲ ಸಹಿಸಿಕೊಂಡರೆ ಭದ್ರತೆಯಾದರೂ ಸಿಕ್ಕಿತೇ? 2014ರಲ್ಲಿ ಅಮೆರಿಕದ ಮೂರು ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ಪರೀಕ್ಷೆಯ ಫಲಿತಾಂಶ ಹೊರಹಾಕಿದರು. ಅದಕ್ಕೆಂದು ಹಳೇ ರೇಪಿಸ್ಕ್ಯಾನ್ ಯಂತ್ರವೊಂದನ್ನು ಈಬೇ ಎಂಬ ಆನ್‌ಲೈನ್ ಸಂತೆಯಲ್ಲಿ ಕೊಂಡು ತಂದಿದ್ದರು. ಹೌದು, ಈಬೇಯಲ್ಲಿ. ಕಾಲಿನ ಹೊರಬದಿಗೆ ಪಿಸ್ತೂಲು ಅಂಟಿಸಿಕೊಂಡು ನಿಂತರೆ ಆ ಯಂತ್ರಕ್ಕೆ ಕಾಣಲೇ ಇಲ್ಲ. ಚಿತ್ರದಲ್ಲಿ ಹಿನ್ನೆಲೆಯೂ ಕಪ್ಪು, ಲೋಹವೂ ಕಪ್ಪು, ಅದಕ್ಕೇ. 2015ರಲ್ಲಿ ಅಲ್ಲಿನ ಸರ್ಕಾರದವರೇ ವೇಷ ಮರೆಸಿಕೊಂಡು ಇಡೀ ತಪಾಸಣೆಯನ್ನು ಪರೀಕ್ಷೆ ಮಾಡಿದರು. 70 ಪ್ರಯತ್ನದಲ್ಲಿ 67 ಸಲ ನಿಷಿದ್ಧ ವಸ್ತುಗಳೊಂದಿಗೆ ದಾಟಿದರು ಅಂತ ಸುದ್ದಿ ಹೊರಬಂತು. ಟಿಎಸ್‌ಎಯ ಅಂದಿನ ಮುಖ್ಯಸ್ಥರನ್ನು ಆ ಜಾಗದಿಂದ ಬದಲಾಯಿಸಿದರು. ಇದು ಸ್ಕ್ಯಾನರ್ ಒಂದರದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ "ಮಾನಕ್ಕೆ ಬದಲಾಗಿ ಪ್ರಾಣ" ಅನ್ನುವ ವ್ಯಾಪಾರದಲ್ಲಿ ತಕ್ಕಡಿ ಸರಿಯಿದೆಯಾ ಅಂತ ನೋಡುವುದು ಗಿರಾಕಿಯ ಹಕ್ಕು.

ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಈಗಲೂ ಹೆಚ್ಚಿನ ಕಡೆ ಚೌಕಟ್ಟಿನ ಮೆಟಲ್ ಡಿಟೆಕ್ಟರ್, ಆಮೇಲೆ ಸಿಐಎಸ್‌ಎಫ್‌ನವರ ಕೈಯಲ್ಲಿರುವ ಡಿಟೆಕ್ಟರ್. ಹೆಂಗಸರಿಗೆ ಪರದೆ ಹಾಕಿದ ಗೂಡು, ಒಳಗೆ ಹೆಂಗಸೇ ಇರುತ್ತಾಳೆ. ಪುಟ್ಟ ಮೆಟ್ಟಿಲಿನ ಮೇಲೆ ಹತ್ತಿ ಕೈ ಚಾಚಿ ನಿಲ್ಲುತ್ತೇವೆ, ಬಳೆ ಹತ್ತಿರ ಕುಂಯ್ ಅನ್ನುತ್ತದೆ, ತಿರುಗಿ ಅನ್ನುತ್ತಾರೆ, ಮುಗಿಯಿತು. ಆ ಪರದೆ ಎಷ್ಟು ಹಳೇ ಕಾಲದ್ದು ಅಂತ ನಾನೇ ನಗುತ್ತಿದ್ದೆ. ಅಕ್ಕನ ಪ್ರಸಂಗ ಆದ ಮೇಲೆ ಆ ಒಂದೂವರೆ ಮೀಟರ್ ಬಟ್ಟೆಗೆ ಎಷ್ಟು ಬೆಲೆ ಅಂತ ಗೊತ್ತಾಯಿತು.

ಹಾಗಂತ ನಮ್ಮಲ್ಲಿ ಎಲ್ಲ ಸರಿಯಿದೆ ಅಂತಲ್ಲ. 2021ರ ಅಕ್ಟೋಬರಿನಲ್ಲಿ ನೃತ್ಯಗಾರ್ತಿ ಸುಧಾ ಚಂದ್ರನ್ ಒಂದು ವಿಡಿಯೊ ಹಾಕಿದ್ದು ನಿಮಗೆ ನೆನಪಿರಬಹುದು. ಪ್ರತಿ ಸಲ ನಿಲ್ದಾಣದಲ್ಲಿ ಕೃತಕ ಕಾಲು ಬಿಚ್ಚಿಸುತ್ತಾರೆ ಅಂತ ನೇರವಾಗಿ ಪ್ರಧಾನಿಯನ್ನೇ ಕೇಳಿದ್ದರು. ಸಿಐಎಸ್‌ಎಫ್ ಕ್ಷಮೆ ಕೇಳಿತು. ಆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲರ ಹಕ್ಕಿಗಾಗಿ ಹೋರಾಡುವ ಜೀಜಾ ಘೋಷ್ ಅವರ ಪ್ರಕರಣದಲ್ಲಿ, ಮನುಷ್ಯರ ಘನತೆ ಉಳಿಯಬೇಕಾದರೆ ಕೃತಕ ಅಂಗ ಬಿಚ್ಚಿಸಬಾರದು ಅಂತ ಹೇಳಿತು. ಇಲ್ಲಿ ಸ್ಕ್ಯಾನರ್ ಒಳ್ಳೆಯದೇ ಮಾಡಬಹುದು. ಬಿಚ್ಚದೆ ನೋಡಲು ಆಗುತ್ತದೆ. ನಾನು ಯಂತ್ರದ ವೈರಿ ಅಲ್ಲ.

2019ರ ಏಪ್ರಿಲ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ, ಅಂದರೆ ಬಿಸಿಎಎಸ್, ಸೂಕ್ಷ್ಮ ಮತ್ತು ಅತಿಸೂಕ್ಷ್ಮ ಅಂತ ಗುರುತಿಸಿದ 84 ನಿಲ್ದಾಣಗಳಲ್ಲಿ ಸ್ಕ್ಯಾನರ್ ಹಾಕಿ ಅಂತ ಆದೇಶ ಹೊರಡಿಸಿತು. ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. 2025ರಲ್ಲಿ ದಿಲ್ಲಿ ನಿಲ್ದಾಣದವರು ಪರೀಕ್ಷೆಗೆ ಹಾಕುತ್ತೇವೆ ಅಂದರು. 70ರಿಂದ 80 ಗಿಗಾಹರ್ಟ್ಸ್ ಅಲೆ, ಇದು ಅಪ್ಪಟ ಮಿಲಿಮೀಟರ್, ಸುಮಾರು ನಾಲ್ಕು. ಗಂಟೆಗೆ 1200 ಜನರನ್ನು ನೋಡಬಲ್ಲದಂತೆ. ಗೊಂಬೆ ಮಾತ್ರ ಕಾಣುತ್ತದೆ, ಚಿತ್ರ ಉಳಿಸುವುದಿಲ್ಲ ಅಂತಲೂ ಹೇಳಿದರು.

ಅಂದರೆ ಜಗಳದ ಹಣ್ಣು ನಮಗೆ ಸುಲಿದು ಸಿಗುತ್ತಿದೆ. ಅಮೆರಿಕದವರು ಕೇಸು ಹಾಕಿ, ಕೂಗಾಡಿ ಪಡೆದ ಗೊಂಬೆ ನಮಗೆ ಯಂತ್ರದ ಜೊತೆಗೇ ಬರುತ್ತಿದೆ. ಆದರೆ ಒಂದು ಮಾತು. ಗೊಂಬೆ ಬರೆಯುವ ಮುಂಚೆ, ಮೈಯಿಂದ ವಾಪಸ್ ಬಂದ ಅಲೆಯ ಲೆಕ್ಕ ಯಂತ್ರದೊಳಗೆ ಇರಲೇಬೇಕು. ಆ ಲೆಕ್ಕದಿಂದ ಚಿತ್ರ ಮಾಡಬಹುದು. ಹಾಗಾಗಿ "ಉಳಿಸುವುದಿಲ್ಲ" ಅಂತ ಯಾರಾದರೂ ಹೇಳಿದಾಗ ನಾನು ಕೇಳುವುದು ಒಂದೇ. ಇದು ಗೋಡೆಯಾ, ಚಿಲಕವಾ? ಟೆಂಡರಿನಲ್ಲಿ ಏನು ಬರೆದಿದ್ದೀರಿ? ಹೊರಗಿನವರು ಬಂದು ನೋಡಬಹುದಾ?

ಕೇಳುವ ಹಕ್ಕು ನಮಗಿದೆ. ಅದನ್ನು ಕೊಡಿಸಿದವರಲ್ಲೊಬ್ಬರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ವಯಸ್ಸು 86 ಆಗಿದ್ದಾಗ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ಬ್ಯಾಂಕಿಗೆ ಹೋಗಲೂ ಬೇಜಾರು ನಮಗೆ. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನಿಜವಾದ ಅಗತ್ಯ ಇರಬೇಕು, ಅಗತ್ಯಕ್ಕೆ ತಕ್ಕಷ್ಟೇ ಕೈ ಹಾಕಬೇಕು. ಅಗತ್ಯಕ್ಕೆ ತಕ್ಕಷ್ಟೇ. ಲಂಗದ ಪಟ್ಟಿಯೊಳಗೆ ಎರಡು ಬೆರಳು ಹೋದಾಗ ನನಗೆ ನೆನಪಾದದ್ದು ಅದೇ ಮಾತು.

ಮುಖ ತೋರಿಸಿ ಒಳಗೆ ಹೋಗುವ ಡಿಜಿಯಾತ್ರಾಗೂ ಇದೇ ಪ್ರಶ್ನೆ ಕೇಳಬೇಕು. ಬೆಂಗಳೂರಿನಲ್ಲಿ 2022ರ ಡಿಸೆಂಬರಿನಿಂದ ಇದೆ. ವಿಮಾನ ಹೊರಟ 24 ಗಂಟೆಯೊಳಗೆ ಮಾಹಿತಿ ಅಳಿಸುತ್ತೇವೆ ಅನ್ನುತ್ತಾರೆ. ಅದು ಇನ್ನೊಂದು ಭಾನುವಾರದ ವಿಷಯ, ಇಂದು ಬೇಡ.

(ಕೊನೆಗೆ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಎದ್ದು, "ನಿಮಗೆ ಯಾವುದು ಇಷ್ಟ ಮೇಡಂ? ಗೂಡೋ, ಪರದೆಯೋ?" ಅಂತ ಕೇಳಿದಳು.)

ನನಗೆ ಗೂಡು. ಒಳಗೆ ಏನಾಗುತ್ತದೆ ಅಂತ ಗೊತ್ತಿರುವುದರಿಂದ ಭಯ ಕಮ್ಮಿ. ಆದರೆ ಅಕ್ಕನನ್ನು ಕೇಳಿ ನೋಡಿ. ಹೋದ ತಿಂಗಳು ಇಬ್ಬರೂ ಬೆಂಗಳೂರಿನಿಂದ ದಿಲ್ಲಿಗೆ ಹೊರಟಿದ್ದೆವು. ಈ ಸಲವೂ ಅದೇ ಸೀರೆ. ಪರದೆಯ ಹಿಂದೆ ಅವಳು ಹೋದಳು, ನಾನು ಹೊರಗೆ ಸಾಲಿನಲ್ಲಿ. ಡಿಟೆಕ್ಟರ್ ಭುಜದ ಹತ್ತಿರ ಕುಂಯ್ ಅಂದದ್ದು ಕೇಳಿಸಿತು.

"ಪಿನ್ ಐತೇನ್ರಿ ಅಮ್ಮಾ?" ಒಳಗಿನ ಹುಡುಗಿ ಕಲಬುರಗಿ ಕಡೆಯವಳಿರಬೇಕು.

"ಪಿನ್ನೂ ಇದೆ, ಜರಿಯೂ ಇದೆ ಕಣಮ್ಮ. ಮೈಸೂರ್ ಸಿಲ್ಕು."

"ಹೌದೇನ್ರಿ! ಅಸಲಿ ಜರಿ ಏನ್ರಿ? ಮುಟ್ಟಿ ನೋಡ್ಲೇನ್ರಿ?"

ಆಮೇಲೆ ಎಷ್ಟು ಕೊಟ್ಟಿರಿ, ಯಾವ ಅಂಗಡಿ, ಒಗೆದರೆ ಬಣ್ಣ ಹೋಗುತ್ತಾ ಅಂತೆಲ್ಲ ಮಾತು ನಡೆಯಿತು. ನನ್ನ ಹಿಂದಿನವರು ಗಡಿಯಾರ ನೋಡಿಕೊಂಡು ಗೊಣಗುತ್ತಿದ್ದರು. ನಾನು ಟ್ರೇಯಲ್ಲಿದ್ದ ಅವಳ ಚಪ್ಪಲಿ ಹಿಡಿದುಕೊಂಡು ನಿಂತೇ ಇದ್ದೆ.